ಸ್ಟೀರಾಯ್ಡ್ ಬಾಗಿಲು ತೆರೆಯುತ್ತದೆಯೇ?

ಶರೀರಕ್ರಿಯಾಶಾಸ್ತ್ರದ ತರಗತಿಗಳಲ್ಲಿ ಬಾಯಿಪಾಠವಾಗಿ ಉಳಿದಿರುವ ಮಾತೊಂದಿದೆ: ಕಾರ್ಟಿಸಾಲ್ ಜಾತಿಯ ಸ್ಟೀರಾಯ್ಡ್‌ಗಳು ಸ್ನಾಯುವಿನಿಂದ ಅಮೈನೋ ಆಮ್ಲಗಳನ್ನು ಹೊರಡಿಸಿ ಯಕೃತ್ತಿಗೆ ಸೇರಿಸುತ್ತವೆ. ಇಡೀ ಪ್ರಾಣಿಯ ಮಟ್ಟಿಗೆ ಇದು ಸರಿ. ಇದನ್ನೇ ಒಂದೊಂದು ಜೀವಕೋಶಕ್ಕೂ ಹೊಂದಿಸಿ, ‘ಸ್ಟೀರಾಯ್ಡ್ ಬಂತು, ಯಕೃತ್ ಕೋಶದ ಬಾಗಿಲು ತೆರೆಯಿತು’ ಎಂದು ಹೇಳಿಕೊಡುತ್ತಾರಲ್ಲ, ನನ್ನ ತಕರಾರು ಅಲ್ಲಿ.

ಈ ನಂಬಿಕೆಗೆ ಬಲ ಕೊಟ್ಟದ್ದು 1957ರ ಒಂದು ಪ್ರಯೋಗ. ಹಾಲ್ವರ್ ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು ಇಲಿಗಳಿಗೆ ಎಐಬಿ ಎಂಬ ಅಮೈನೋ ಆಮ್ಲ ಕೊಟ್ಟರು. ಅಲನಿನ್‌ಗೆ ಇನ್ನೊಂದು ಮಿಥೈಲ್ ಗುಂಪು ಅಂಟಿದರೆ ಎಐಬಿ. ಕೋಶ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಆದರೆ ಉರಿಸಲಾರದು, ಪ್ರೋಟೀನಿನಲ್ಲಿ ಪೋಣಿಸಲಾರದು. ಒಳಹೋದದ್ದೆಷ್ಟು ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ಆಗ ಇರಲಿಲ್ಲ ಎಂದೇ ನನಗನಿಸುತ್ತದೆ. ಹೈಡ್ರೊಕಾರ್ಟಿಸೋನ್ (ಅಂದರೆ ಕಾರ್ಟಿಸಾಲ್) ಪಡೆದ ಇಲಿಗಳ ಯಕೃತ್ತಿನಲ್ಲಿ ಎಐಬಿ ಹೆಚ್ಚು ಸೇರಿತು. ಆದರೆ ಸ್ಟೀರಾಯ್ಡ್ ಏರಿದ ಮೈಯಲ್ಲಿ ಇನ್ಸುಲಿನ್, ಗ್ಲುಕಗಾನ್ ಎಂಬ ಹಾರ್ಮೋನುಗಳೂ ಏರಬಲ್ಲವು. ಕೆಲಸ ಮಾಡಿದ್ದು ಯಾವುದು?

ಅದನ್ನು ತಿಳಿಯಲು ತಟ್ಟೆಯಲ್ಲಿ ಬೆಳೆಸಿದ ಕೋಶಗಳೇ ಬೇಕಾದವು. ವಿಕಿರಣದ ಗುರುತು ಹಾಕಿದ ಎಐಬಿ ಸುರಿದು, ಕೆಲವೇ ನಿಮಿಷ ಬಿಟ್ಟು, ತಣ್ಣನೆಯ ಉಪ್ಪುನೀರಲ್ಲಿ ಬೇಗಬೇಗ ತೊಳೆದು, ಕೋಶಗಳನ್ನು ಕರಗಿಸಿ ಎಣಿಸುವುದು ಕ್ರಮ. 1973ರಲ್ಲಿ ರಿಸ್ಸರ್ ಮತ್ತು ಗೆಲೆಹ್ರ್ಟರ್, ಇಲಿಯ ಯಕೃತ್ತಿನ ಗಡ್ಡೆಯಿಂದ ಬಂದ ಎಚ್‌ಟಿಸಿ ಕೋಶಗಳಿಗೆ ಡೆಕ್ಸಾಮೆಥಾಸೋನ್ ಎಂಬ ಕೃತಕ ಸ್ಟೀರಾಯ್ಡ್ ಹಾಕಿ ಎಣಿಸಿದರು. ಎಐಬಿ ಒಳಹೋಗುವುದು ಏರಲಿಲ್ಲ, ಇಳಿಯಿತು.

‘ಅದು ಕ್ಯಾನ್ಸರ್ ಕೋಶ, ಬಿಡಿ’ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸ್ಟೀರಾಯ್ಡ್ ಕಿಣ್ವವನ್ನು ಹೆಚ್ಚಿಸುವ ಬಗೆಗೆ ಹಳೆಯ ಮಾದರಿಯಾದ ಟೈರೋಸಿನ್ ಅಮೈನೋಟ್ರಾನ್ಸ್‌ಫರೇಸ್ 1966ರಿಂದ ಅಭ್ಯಾಸವಾದದ್ದು ಇದೇ ಎಚ್‌ಟಿಸಿ ಕೋಶಗಳಲ್ಲಿ. ಅದೇ ಕೋಶ, ಅದೇ ಔಷಧ. ಕಿಣ್ವ ಏರಿದ್ದನ್ನು ಯಕೃತ್ತಿನ ಸಾಕ್ಷಿ ಎಂದು ಎತ್ತಿಹಿಡಿದು, ಸಾಗಣೆ ಇಳಿದದ್ದನ್ನು ಕ್ಯಾನ್ಸರಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಆರೋಗ್ಯವಂತ ಕೋಶವಾದರೂ ಬಾಗಿಲಿನ ಕಥೆಯನ್ನು ಒಪ್ಪುತ್ತದೆಯೇ? ವಿಸ್ಕಾನ್ಸಿನ್‌ನ ಕ್ಲೆಟ್ಜಿಯನ್ ಮತ್ತು ಸಂಗಡಿಗರು 1975ರಲ್ಲಿ ಇಲಿಯ ಯಕೃತ್ತಿನಿಂದ ನೇರವಾಗಿ ಬಿಡಿಸಿ ಬೆಳೆಸಿದ ಕೋಶಗಳಲ್ಲಿ ಕಂಡದ್ದು ಇನ್ನೂ ಸೂಕ್ಷ್ಮ. ಸಾಗಣೆಯನ್ನು ಏರಿಸುವುದು ಗ್ಲುಕಗಾನ್. ಡೆಕ್ಸಾಮೆಥಾಸೋನ್ ಜತೆಗಿದ್ದರೆ ಆ ಏರಿಕೆ ದೊಡ್ಡದಾಗುತ್ತದೆ. ಇದನ್ನು ಅವರು ಅನುಮತಿ ಕೊಡುವ ಪರಿಣಾಮವೆಂದು ಕರೆದರು. ಬಾಗಿಲು ತಳ್ಳುವ ಕೈ ಬೇರೆ ಹಾರ್ಮೋನಿನದು. ಕೋಶವನ್ನು ಅಮೈನೋ ಆಮ್ಲವಿಲ್ಲದ ದ್ರವದಲ್ಲಿ ಕೆಲವು ಗಂಟೆ ಇಟ್ಟರೆ, ಯಾವ ಹಾರ್ಮೋನಿನ ಹಂಗೂ ಇಲ್ಲದೆ ಇದೇ ಸಾಗಣೆ ತಾನಾಗಿ ಏರುವುದೂ ಉಂಟು.

ನನ್ನನ್ನು ಹೆಚ್ಚು ಕಾಡುವುದು ಇಂದಿನ ರೂಢಿ. ಯಕೃತ್ ಕೋಶಗಳು ರೂಪಗೆಡದಿರಲಿ ಎಂದು ಬೆಳೆಸುವ ದ್ರವಕ್ಕೆ ಡೆಕ್ಸಾಮೆಥಾಸೋನ್ ಮೊದಲೇ ಬೆರೆಸಿರುತ್ತಾರೆ, ಹೆಚ್ಚಾಗಿ 100 ನ್ಯಾನೊಮೋಲಾರ್ ಆಸುಪಾಸು. ಆ ತಟ್ಟೆಗೆ ಸ್ಟೀರಾಯ್ಡ್ ಹಾಕಿ ‘ಬದಲಾವಣೆಯಿಲ್ಲ’ ಎಂದರೆ, ಅಥವಾ ಗ್ಲುಕಗಾನ್ ಹಾಕಿ ‘ಅಬ್ಬಾ, ಎಷ್ಟು ಏರಿತು’ ಎಂದರೆ, ಹೋಲಿಕೆಗೆ ಇಟ್ಟ ತಟ್ಟೆಯೇ ಆಗಲೇ ಸ್ಟೀರಾಯ್ಡ್ ಕುಡಿದಿದೆ. ಫಲಿತಾಂಶದ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ದ್ರವದಲ್ಲಿ ಮೊದಲೇ ಎಷ್ಟು ಡೆಕ್ಸಾಮೆಥಾಸೋನ್ ಇತ್ತು, ಎಷ್ಟು ಗಂಟೆಯಿಂದ ಇತ್ತು ಎಂಬುದನ್ನು ಅಚ್ಚು ಹಾಕಬೇಕು.