ಕರುವಿನ ಪ್ರಶ್ನೆಗೆ ಉತ್ತರ ಕೊಡುವವರಾರು?

ಗೋವಿನ ಹಾಡು ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಶಾಲೆಯಲ್ಲಿ ನಾವು ಅದರಿಂದ ಕಲಿತ ಪಾಠ ಒಂದೇ: ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪಲಿಲ್ಲ, ಅವಳ ಸತ್ಯಕ್ಕೆ ಹುಲಿಯೂ ಸೋತಿತು. ಈ ಪಾಠ ತಪ್ಪಲ್ಲ. ಆದರೆ ಹಾಡಿನ ನಡುವೆ ಇರುವ ಇನ್ನೊಂದು ಪ್ರಸಂಗವನ್ನು ನಾವು ಕಣ್ಣೊರೆಸಿಕೊಂಡು ದಾಟಿಬಿಡುತ್ತೇವೆ.

ಸಾವಿನ ಕಡೆಗೆ ಹೊರಟ ತಾಯಿಯೊಡನೆ ಕರು, ಇನ್ನು ತನಗೆ ಹಾಲೂಡುವವರು ಯಾರು, ಮಗ್ಗುಲಿಗೆ ಕರೆದುಕೊಳ್ಳುವವರು ಯಾರು ಎಂದು ಕೇಳುತ್ತದೆ. ತಾಯಿ ಬರೀ ಸಮಾಧಾನ ಹೇಳಿ ಹೋಗುವುದಿಲ್ಲ. ದೊಡ್ಡಿಯ ಇತರ ಹಸುಗಳ ಬಳಿ ಹೋಗಿ, ಈ ತಬ್ಬಲಿಯನ್ನು ನಿಮ್ಮದೆಂದೇ ನೋಡಿಕೊಳ್ಳಿ, ಹತ್ತಿರ ಬಂದಾಗ ಹಾಯದಿರಿ, ಒದೆಯದಿರಿ ಎಂದು ಬೇಡುತ್ತಾಳೆ. ಹಾಡು ಕಟ್ಟಿದವರ ಲೋಕಜ್ಞಾನ ದೊಡ್ಡದು. ಪರರ ಮಗು ಎದುರು ಬಂದಾಗ ಒಳ್ಳೆಯವರ ಕಾಲೂ ಒದೆಯಲು ಏಳಬಹುದೆಂದು ಅವರಿಗೆ ಗೊತ್ತಿತ್ತು.

ಆದರೆ ಹಾಡಿಗೊಂದು ಮಿತಿಯಿದೆ. ಹುಲಿ ತಾನೇ ಪ್ರಾಣ ಬಿಡುತ್ತದೆ, ತಾಯಿ ಬದುಕುತ್ತಾಳೆ. ಹಾಗಾಗಿ ದೊಡ್ಡಿಯ ಬಂಧುಗಳ ಪರೀಕ್ಷೆ ನಡೆಯುವುದೇ ಇಲ್ಲ. ತಾಯಿ ಉಳಿಯದಿದ್ದರೆ ಕರು ಹೇಗಿದೆಯೆಂದು ತಿಂಗಳ ನಂತರ ಹೋಗಿ ನೋಡುವವರು ಯಾರು?

ನೆಲಮಂಗಲ ತಾಲೂಕಿನ ಸೋಂಪುರದಲ್ಲಿ ನಿಂತರೆ ಈ ಪ್ರಶ್ನೆ ಹಾಡಿನದಾಗಿ ಉಳಿಯುವುದಿಲ್ಲ. ಒಂದು ಕಡೆ ಶಿವಗಂಗೆ ಬೆಟ್ಟ, ಇನ್ನೊಂದು ಕಡೆ ದಾಬಸ್‌ಪೇಟೆಯ ಕಾರ್ಖಾನೆಗಳು. ಹಳೆಯ ಊರಿನಲ್ಲಿ ತಬ್ಬಲಿಗೆ ಅಜ್ಜಿಯೋ ದೊಡ್ಡಮ್ಮನೋ ಇರುತ್ತಿದ್ದರು. ದೂರದಿಂದ ದುಡಿಯಲು ಬಂದವರ ಮಗು ಅನಾಥವಾದರೆ ಒಪ್ಪಿಸಲು ದೊಡ್ಡಿಯೇ ಇಲ್ಲ.

ಅಂಥ ಮಗುವಿಗಾಗಿ ಕಾನೂನು ಇದೆ. 2015ರ ಬಾಲ ನ್ಯಾಯ ಕಾಯ್ದೆಯ 44ನೇ ಕಲಮು, ಮಗುವನ್ನು ಅನಾಥಾಲಯದ ಬದಲು ಪೋಷಕ ಕುಟುಂಬದಲ್ಲಿರಿಸಲು ಅವಕಾಶ ನೀಡುತ್ತದೆ. ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವಿದೆ. 2024ರ ಪರಿಷ್ಕೃತ ಮಾರ್ಗಸೂಚಿಯ ಪ್ರಕಾರ ಒಂಟಿಯಾಗಿರುವವರೂ ಪೋಷಕರಾಗಬಹುದು. ಪ್ರತಿ ತಿಂಗಳೂ ಪೋಷಕ ಕುಟುಂಬದ ಪರಿಶೀಲನೆ ನಡೆಸಬೇಕಾದದ್ದು ಮಕ್ಕಳ ಕಲ್ಯಾಣ ಸಮಿತಿ. ಆ ಸಮಿತಿಯಲ್ಲಿರುವುದು ಅಧ್ಯಕ್ಷರೂ ಸೇರಿ ಐದು ಜನ. ಜಿಲ್ಲೆಯ ಎಲ್ಲ ಸಂಕಟಗ್ರಸ್ತ ಮಕ್ಕಳ ವಿಚಾರವೂ ಅವರ ಮುಂದೆಯೇ ಬರುತ್ತದೆ. ಮಗುವಿನ ಮಾತು ಕೇಳಬೇಕೆಂಬುದು ಕಾಯ್ದೆಯ ಮೂಲ ತತ್ವಗಳಲ್ಲೊಂದು. ಆದರೆ ಕೇಳಲು ಬೇಕಾದ ಬಿಡುವು ಐದು ಜನರಿಗೆ ಎಲ್ಲಿಂದ ಬರಬೇಕು?

ಈ ಕೊರತೆಯನ್ನು 1977ರಲ್ಲಿ ಅಮೆರಿಕದ ಸಿಯಾಟಲ್‌ನ ನ್ಯಾಯಾಧೀಶ ಡೇವಿಡ್ ಸೌಕಪ್ ಕಂಡುಕೊಂಡರು. ಕಡತ ಓದಿ ಮಗುವಿನ ಭವಿಷ್ಯ ನಿರ್ಧರಿಸಲು ಅವರಿಗೆ ಮನಸ್ಸು ಒಪ್ಪಲಿಲ್ಲ. ಸಾಮಾನ್ಯ ನಾಗರಿಕರಿಗೆ ತರಬೇತಿ ಕೊಟ್ಟು, ಮಗುವನ್ನು ಭೇಟಿಯಾಗಿ ಅದರ ಹಿತವನ್ನು ನ್ಯಾಯಾಲಯಕ್ಕೆ ತಿಳಿಸುವ ಹೊಣೆ ಒಪ್ಪಿಸಿದರು. ಆ ಪದ್ಧತಿ ಅಲ್ಲಿ ದೇಶವ್ಯಾಪಿಯಾಯಿತು. ನಮ್ಮಲ್ಲೂ ಇದರ ಬೀಜವಿದೆ. ಲೈಂಗಿಕ ದೌರ್ಜನ್ಯಕ್ಕೆ ತುತ್ತಾದ ಮಗುವಿನ ಜೊತೆ ನಿಲ್ಲಲು 2020ರ ಪೋಕ್ಸೋ ನಿಯಮಗಳು ‘ಬೆಂಬಲ ವ್ಯಕ್ತಿ’ಯನ್ನು ಒದಗಿಸುತ್ತವೆ. ಪೋಷಕ ಕುಟುಂಬದ ಮಗುವಿಗೂ ಹಾಗೊಬ್ಬರು ಏಕೆ ಬೇಡ?

ಮುಸ್ಲಿಮ್ ಓದುಗರಿಗೆ ಇಲ್ಲಿ ವಿಶೇಷ ಹೊಣೆಯಿದೆ. ಪ್ರವಾದಿ ಮುಹಮ್ಮದ್(ಸ) ತಂದೆಯನ್ನು ಕಾಣದೆ ಹುಟ್ಟಿ, ಅಜ್ಜನ ಆಶ್ರಯದಲ್ಲಿ, ಬಳಿಕ ತಂದೆಯ ಸಹೋದರ ಅಬೂತಾಲಿಬರ ಮನೆಯಲ್ಲಿ ಬೆಳೆದವರು. ಸಾಕಿದ ಮಕ್ಕಳನ್ನು ಅವರ ಸ್ವಂತ ತಂದೆಯ ಹೆಸರಿನಿಂದಲೇ ಕರೆಯಿರಿ ಎನ್ನುತ್ತದೆ ಕುರ್‌ಆನ್. ದತ್ತು ಎಂದರೆ ಹಿಂಜರಿಯುವವರಿಗೂ ಮಗುವಿನ ವಂಶದ ಗುರುತನ್ನು ಅಳಿಸದ ಪೋಷಕತ್ವ ಪರಕೀಯವಾಗಬೇಕಿಲ್ಲ. ಯತೀಮ್‌ಖಾನೆಯ ಕಟ್ಟಡಕ್ಕೆ ಉದಾರವಾಗಿ ಹಣ ಕೊಡುವ ನಾವು ಮನೆಯ ಬಾಗಿಲನ್ನೂ ವಾರದ ಒಂದು ಗಂಟೆಯನ್ನೂ ಕೊಡಲು ಹಿಂದೆ ನೋಡುವುದೇಕೆ?

ಮನೆಗೆ ಕರೆತರಲು ಎಲ್ಲರಿಗೂ ಆಗದು. ಆದರೆ ನಿವೃತ್ತ ಮೇಷ್ಟ್ರು, ಗೃಹಿಣಿ, ಕಾಲೇಜು ಹುಡುಗ ಇವರೆಲ್ಲ ಸಮಿತಿಯ ಒಪ್ಪಿಗೆ ಪಡೆದು, ತರಬೇತಿ ಹೊಂದಿ, ಒಂದು ಮಗುವಿನ ಜೊತೆ ವರ್ಷಗಟ್ಟಲೆ ಒಡನಾಡಬಹುದು. ಮಗು ಶಾಲೆಗೆ ಹೋಗುತ್ತಿದೆಯೇ, ಊಟ ಮಾಡಿತೇ, ಹೆದರಿದೆಯೇ ಎಂದು ವಿಚಾರಿಸಿ ಸಮಿತಿಗೆ ತಿಳಿಸಬಹುದು. ಪುಣ್ಯಕೋಟಿ ಮಾತು ಉಳಿಸಿಕೊಂಡಳೆಂದು ನಾವು ಇಷ್ಟು ಕಾಲ ಹಾಡಿದ್ದೇವೆ. ದೊಡ್ಡಿಯವರೂ ಮಾತು ಉಳಿಸಿಕೊಂಡರೇ ಎಂದು ಹೋಗಿ ನೋಡುವ ಕೆಲಸ ಬಾಕಿಯಿದೆ.