ಅಳಿಯಬೇಕಾದದ್ದು ಉಳಿದಾಗ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆ ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮನೆತುಂಬಿಸಿಕೊಳ್ಳುವುದು ಹಳೆಯ ರೂಢಿ. ಅಂಥ ಮನೆಯಲ್ಲಿ ತಲೆ ತೀರ ಚಿಕ್ಕದಾದ, ಬುದ್ಧಿ ಬೆಳೆಯದ ಮಗು ಹುಟ್ಟಿದರೆ, ಬಸುರಿ ಗ್ರಹಣದ ಹೊತ್ತಲ್ಲಿ ಹೊರಗೆ ಬಂದಳೆಂದು ತಾಯಿಯನ್ನೇ ದೂರುವವರಿದ್ದಾರೆ. ಇದರ ನಿಜವಾದ ಕಾರಣಗಳಲ್ಲೊಂದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್, ನಿಮ್ಹಾನ್ಸ್‌ನ ಸತೀಶ್ ಗಿರಿಮಾಜಿ ಮತ್ತು ಸಂಗಡಿಗರು 2009ರ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಅದು ಹೇಳಿದ್ದಕ್ಕಾಗಿ ಎಷ್ಟೋ, ಹೇಳದೆ ಬಿಟ್ಟದ್ದಕ್ಕಾಗಿಯೂ ಅಷ್ಟೇ ಇವತ್ತು ಓದಬೇಕಾದ ಪ್ರಬಂಧ.

ಅದರ ಬಲವಿರುವುದು ಕುಟುಂಬಗಳನ್ನು ಹುಡುಕಿ ಕೂಡಿಸಿದ ತಾಳ್ಮೆಯಲ್ಲಿ. ಆಗ ಗೊತ್ತಿದ್ದ ಆರು ವಂಶವಾಹಿ ತಾಣಗಳಿಗೂ ಹೊಂದದೆ ಉಳಿದ 24 ಕುಟುಂಬಗಳನ್ನು ಜಾಲಾಡಿದಾಗ, ಐದು ಕುಟುಂಬಗಳು ಒಂದನೇ ವರ್ಣತಂತುವಿನ ಒಂದೇ ಜಾಗಕ್ಕೆ ಬೊಟ್ಟುಮಾಡಿದವು. ಅವುಗಳಲ್ಲಿ ಮೂರರಲ್ಲಿ ‘ಸ್ಟಿಲ್’ ಎಂಬ ಜೀನ್ ಕೆಟ್ಟಿತ್ತು. ಕೋಶ ಎರಡಾಗುವಾಗ ವರ್ಣತಂತುಗಳನ್ನು ಎಳೆಯುವ ಧ್ರುವಗಳಲ್ಲಿರುವ ಸೆಂಟ್ರಿಯೋಲ್‌ಗಳ ನಕಲು ತಯಾರಾಗಲು ಈ ಜೀನಿನ ಪ್ರೋಟೀನು ಬೇಕು.

ದೋಷದಿಂದ ಪ್ರೋಟೀನು ಮೊಟಕಾಗುತ್ತದೆ ಎಂದು ಊಹಿಸಿದ ಬೆಂಗಳೂರಿನ ಪ್ರಬಂಧವನ್ನು ಓದಿದವರಿಗೆ, ಮೊಟಕಾದದ್ದು ಕೆಲಸಕ್ಕೆ ಬಾರದು ಅನ್ನಿಸುವುದು ಸಹಜ. 2014ರಲ್ಲಿ ಬಾಸೆಲ್‌ನ ಸಂಶೋಧಕರಾದ ಆರ್ಕಿಂಟ್ ಮತ್ತು ನಿಗ್ ಕಂಡದ್ದು ಬೇರೆ. ಸುಮಾರು 1,290 ಅಮೈನೊ ಆಮ್ಲಗಳ ಈ ಪ್ರೋಟೀನಿನ ಬಾಲದಲ್ಲಿ ‘ಕೆನ್’ ಎಂಬ ಪುಟ್ಟ ಗುರುತಿದೆ. ವಿಭಜನೆ ಮುಗಿಯುವ ಹೊತ್ತಿಗೆ ಎಪಿಸಿ ಎಂಬ ಕಿಣ್ವಸಮೂಹ ಆ ಗುರುತು ಹಿಡಿದು ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುತ್ತದೆ, ಪ್ರೋಟಿಯಾಸೋಮ್ ಎಂಬ ಕೋಶದ ಯಂತ್ರ ಆ ಪ್ರೋಟೀನನ್ನು ಚೂರುಮಾಡುತ್ತದೆ. ನಮ್ಮವರು ಕಂಡ ಮೂರು ದೋಷಗಳಲ್ಲಿ ಎರಡು ಕತ್ತರಿಸುವುದು ಈ ಬಾಲವನ್ನೇ! ಹೀಗೆ ಬಾಲ ಕಳೆದುಕೊಂಡ ಪ್ರೋಟೀನು ಕೆಲಸ ಮಾಡುತ್ತಲೇ ಇರುತ್ತದೆ. ಹೊತ್ತಿಗೆ ಸರಿಯಾಗಿ ಅಳಿಯುವುದಿಲ್ಲ. ಕೂಡಿಬಿದ್ದು ಸೆಂಟ್ರಿಯೋಲ್‌ಗಳನ್ನು ಮಿತಿಮೀರಿ ಹುಟ್ಟಿಸುತ್ತದೆ.

ಸೆಂಟ್ರಿಯೋಲ್‌ಗಳು ಹೆಚ್ಚಾದರೆ ತಲೆ ಚಿಕ್ಕದಾಗುವುದು ಹೇಗೆ? ಗರ್ಭದಲ್ಲಿರುವ ಮಗುವಿನ ಮಿದುಳಿನ ಮೂಲಕೋಶ ಮೊದಲು ತನ್ನಂಥವನ್ನೇ ಹೆಚ್ಚಿಸಿಕೊಂಡು, ಆಮೇಲೆ ನರಕೋಶಗಳನ್ನು ಕೊಡುತ್ತದೆ. ಈ ಮೂಲಧನ ಬೇಗ ಕರಗಿದರೆ ಮಿದುಳು ಕಿರಿದಾಗಿಯೇ ಉಳಿಯುತ್ತದೆ. ಪ್ಯಾರಿಸ್‌ನ ಕ್ಯೂರಿ ಸಂಸ್ಥೆಯ ರೆನಾಟಾ ಬಾಸ್ತೊ ಅವರ ತಂಡ 2013ರಲ್ಲಿ ಇಲಿಯ ಮಿದುಳಿನಲ್ಲಿ ಬೇರೊಂದು ಪ್ರೋಟೀನನ್ನು ಹೆಚ್ಚಿಸಿ, ಸೆಂಟ್ರಿಯೋಲ್‌ಗಳು ಮಿತಿಮೀರುವಂತೆ ಮಾಡಿತ್ತು. ಎರಡರ ಬದಲು ಹಲವು ಧ್ರುವಗಳು ಎಳೆದಾಡಿ ವರ್ಣತಂತುಗಳು ಏರುಪೇರಾಗಿ ಹಂಚಿಹೋದವು, ಕೋಶಗಳು ಸತ್ತವು. ಆ ಸಾವನ್ನು ತಡೆದಾಗಲೂ ಅವು ಮೂಲಕೋಶಗಳಾಗಿ ಉಳಿಯಲಿಲ್ಲ; ಹೆಚ್ಚುವ ಶಕ್ತಿ ಕಳೆದುಕೊಂಡು ಬೇರೆ ಕೋಶಗಳಾಗಿ ಮಾಗಿಬಿಟ್ಟವು. ನನ್ನ ಮಟ್ಟಿಗೆ ಇಡೀ ಕಥನದ ಅತ್ಯಂತ ಮಹತ್ವದ ಕಾಣ್ಕೆ ಇದು.

ಆದರೂ ತಕರಾರುಗಳಿವೆ. ಬಾಸೆಲ್‌ನ ಪ್ರಯೋಗ ನಡೆದದ್ದು ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ, ಮಿದುಳಿನಲ್ಲಲ್ಲ. ಮೂರನೆಯ ದೋಷ ಪ್ರೋಟೀನನ್ನು ಬಾಲಕ್ಕಿಂತ ಬಹಳ ಮೊದಲೇ ತುಂಡರಿಸುವಂಥದ್ದು. ಅಲ್ಲಿ ಉಳಿದ ತುಂಡು ಕೆಲಸ ಮಾಡೀತೆಂದು ನಂಬುವುದು ಕಷ್ಟ. ಸೆಂಟ್ರಿಯೋಲ್‌ಗಳು ಪೂರ್ತಿ ಇಲ್ಲವಾದರೂ ಇಲಿಯ ಮಿದುಳು ಕುಗ್ಗುತ್ತದೆ. ಒಂದೇ ಜೀನಿನ ದೋಷ, ಒಂದೇ ಬಗೆಯ ಚಿಕ್ಕ ತಲೆ. ಆದರೆ ಒಂದು ಮನೆಯಲ್ಲಿ ಪ್ರೋಟೀನು ಹೆಚ್ಚಾಗಿ, ಇನ್ನೊಂದು ಮನೆಯಲ್ಲಿ ಇಲ್ಲವಾಗಿ ಬಂದಿರಬಹುದು. ಎರಡೂ ಮನೆಗಳಿಗೆ ಒಂದೇ ವಿವರಣೆ ಹೊಂದಿಸುವುದನ್ನು ನಾನು ಒಪ್ಪಲಾರೆ.

ಬೆಂಗಳೂರಿನ ಕೆಲಸದ ನೇರ ಪ್ರಯೋಜನ ಮಾತ್ರ ಈ ತಕರಾರಿಗೆ ಕಾಯುವುದಿಲ್ಲ. ಗಂಡ-ಹೆಂಡತಿ ಇಬ್ಬರಲ್ಲೂ ಈ ಜೀನಿನ ಒಂದೊಂದು ಕೆಟ್ಟ ಪ್ರತಿ ಇದ್ದರೆ (ರಕ್ತಸಂಬಂಧದ ಮದುವೆಯಲ್ಲಿ ಇದರ ಸಂಭವ ಹೆಚ್ಚು) ಪ್ರತಿ ಬಸುರಿನಲ್ಲೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿನ ದೋಷ ಯಾವುದೆಂದು ತಿಳಿದರೆ ಮುಂದಿನ ಬಸುರಿನಲ್ಲಿ ಅದನ್ನು ಮೊದಲೇ ಪರೀಕ್ಷಿಸಬಹುದು. ಕೆ.ಆರ್. ನಗರದ ಸೊಸೆಯೊಬ್ಬಳಿಗೆ ವೈದ್ಯರು ಇದನ್ನು ಹೇಳುವಾಗ, ಕೆಟ್ಟ ಪ್ರತಿಯೊಂದು ಅವಳ ಗಂಡನಿಂದಲೂ ಬಂದಿದೆಯೆಂದು ಅತ್ತೆಯ ಎದುರಿಗೇ ಹೇಳಬೇಕು.