ಸಂಯೋಜನೆ ಮತ್ತು ಕೊಳವೆ: ಒಂದು ವಿವೇಚನೆ

ಫಂಕ್ಷನ್, ಎಂದರೆ ಫಲನವೇ ಪ್ರಧಾನವಾದ ಪ್ರೋಗ್ರಾಮಿಂಗಿನಲ್ಲಿ ಸಂಯೋಜನೆಯನ್ನೂ ಪೈಪ್ ಎಂಬ ಕೊಳವೆಯನ್ನೂ ಒಂದೇ ಎಂದೆಣಿಸಿ, ಭೇದವು ದಿಕ್ಕಿನದು ಮಾತ್ರವೆನ್ನುವವರುಂಟು. ಹ್ಯಾಸ್ಕೆಲ್ ಭಾಷೆಯ ಸಂಯೋಜನಾ ಚುಕ್ಕಿಯಲ್ಲಿ ಬಲಗಡೆಯ ಫಲನ ಮೊದಲು ನಡೆಯುವುದು. ಎಫ್‌ಶಾರ್ಪ್‌ನ ಕೊಳವೆಯಲ್ಲಿ ಎಡಗಡೆಯದು. ‘ತೊಳೆದು, ಹೆಚ್ಚಿ, ಬೇಯಿಸಿದಳು’ ಎಂದು ನಡೆದ ಕ್ರಮದಲ್ಲೇ ಕ್ರಿಯೆಗಳನ್ನು ಪೋಣಿಸುವ ಕನ್ನಡಿಗರಿಗೆ ಎರಡನೆಯದು ಸಹಜವೆನಿಸೀತು. ಆದರೆ ಮೇಲಣ ಮತವನ್ನು ನಾವು ಒಪ್ಪಲಾರೆವು. ಕೊಳವೆಯು ಕೈಯಲ್ಲಿರುವ ಬೆಲೆಯನ್ನು ಫಲನಕ್ಕೆ ಒಪ್ಪಿಸುತ್ತದೆ. ಸಂಯೋಜನೆಯು ಬೆಲೆಯಿನ್ನೂ ಇಲ್ಲದಿರುವಾಗಲೇ ಎರಡು ಫಲನಗಳಿಂದ ಮೂರನೆಯದನ್ನು ನಿರ್ಮಿಸುತ್ತದೆ. ಎಫ್‌ಶಾರ್ಪ್ ಎಡದಿಂದ ಬಲಕ್ಕೆ ಸಾಗುವ ಸಂಯೋಜನೆಗೂ ಬೇರೊಂದು ಚಿಹ್ನೆಯನ್ನು ಇಟ್ಟುಕೊಂಡಿರುವುದೇ ಇದಕ್ಕೆ ಸಾಕ್ಷಿ. ಜಾನ್ ಬ್ಯಾಕಸ್ ಅವರು 1977ರ ಟ್ಯೂರಿಂಗ್ ಉಪನ್ಯಾಸದಲ್ಲಿ ಮುಂದಿಟ್ಟ ಪ್ರೋಗ್ರಾಮುಗಳ ಬೀಜಗಣಿತವು ಬೆಲೆಗಳನ್ನಲ್ಲ, ಫಲನಗಳನ್ನೇ ಕೂಡಿಸುತ್ತದೆ. ಕೊಳವೆಯಲ್ಲೇ ನಿಂತ ವಿದ್ಯಾರ್ಥಿ ಲೆಕ್ಕವನ್ನು ಮಾಡಿಯಾನು. ಆ ಬೀಜಗಣಿತ ಅವನಿಗೆ ದಕ್ಕದು. ಆದುದರಿಂದ ಪಾಠವು ಕೊಳವೆಯಿಂದ ತೊಡಗಲಿ, ಸಂಯೋಜನೆಯನ್ನು ಮುಟ್ಟಲಿ.